ಅಣ್ಣಾವ್ರೂ ಓದಿರಲಿಲ್ಲ ಅಂತ ಮಗ ಕಾಲೇಜು ಬಿಡೋಕೆ ಹೊರಟಿದ್ದಾನೆ

ಪ್ರಶ್ನೆ: ನಮ್ಮದು ಹಿರಿಯೂರು ತಾಲ್ಲೂಕಿನ ಹಳ್ಳಿ. ಒಬ್ಬನೇ ಮಗ, ಹತ್ತೊಂಬತ್ತು ವರ್ಷ, ಬಿ.ಕಾಂ. ಎರಡನೇ ವರ್ಷದಲ್ಲಿದ್ದಾನೆ. ಹೈಸ್ಕೂಲಿನಿಂದಲೂ ನಾಟಕ, ಮಿಮಿಕ್ರಿ ಅಂದರೆ ಪ್ರಾಣ. ಈಗ ಕಾಲೇಜು ಬಿಟ್ಟು ಬೆಂಗಳೂರಿಗೆ ಹೋಗಿ ಸಿನಿಮಾ ಸೇರುತ್ತೇನೆಂದು ಹಟ ಹಿಡಿದಿದ್ದಾನೆ. ಬೇಡ ಅಂದರೆ, ‘ಅಣ್ಣಾವ್ರು ಎಷ್ಟು ಓದಿದ್ದರು? ರಜನಿಕಾಂತ್ ಕಂಡಕ್ಟರ್ ಆಗಿರಲಿಲ್ವಾ? ಯಶ್ ಮುನ್ನೂರು ರೂಪಾಯಿ ಇಟ್ಕೊಂಡು ಬಂದೋರು’ ಅನ್ನುತ್ತಾನೆ. ಇನ್‌ಸ್ಟಾಗ್ರಾಂನಲ್ಲಿ ಆಡಿಷನ್ ಪೋಸ್ಟ್ ನೋಡಿ ವಿಡಿಯೊ ಕಳಿಸಿದ್ದ. ಎರಡನೇ ನಾಯಕನ ಪಾತ್ರಕ್ಕೆ ಆಯ್ಕೆಯಾಗಿದ್ದಾನೆ, ವರ್ಕ್‌ಶಾಪ್, ಫೋಟೊಶೂಟ್, ಆರ್ಟಿಸ್ಟ್ ಕಾರ್ಡ್ ಎಲ್ಲ ಸೇರಿ 85 ಸಾವಿರ ರೂಪಾಯಿಯನ್ನು ಶನಿವಾರದೊಳಗೆ ಹಾಕಿ ಅಂತ ಫೋನ್ ಬಂದಿದೆ. ಒಡವೆ ಅಡ ಇಟ್ಟಾದರೂ ಕೊಡೋಣ ಅನ್ನುತ್ತಾರೆ ಮನೆಯವರು. ನಮಗೆ ಆ ರಂಗದಲ್ಲಿ ಯಾರೂ ಗೊತ್ತಿಲ್ಲ. ಹುಡುಗ ಕಪ್ಪು, ಮಾತು ನಮ್ಮ ಹಳ್ಳಿ ಕಡೆಯದ್ದು. ಹೆಸರು ಬದಲಾಯಿಸಿದರೆ ಒಳ್ಳೆಯದು ಅಂತ ಒಬ್ಬರು ಹೇಳಿದ್ದಾರೆ. ಏನು ಮಾಡಲಿ?

ಉತ್ತರ: ಅಮ್ಮಾ, ಮೊದಲು ದುಡ್ಡಿನ ವಿಷಯ ಮುಗಿಸೋಣ, ಅದಕ್ಕೆ ಶನಿವಾರದ ಗಡುವಿದೆ. ಕಟ್ಟಬೇಡಿ. ಒಡವೆ ಮನೆಯಲ್ಲೇ ಇರಲಿ.

ಸಿನಿಮಾದಲ್ಲಿ ದುಡ್ಡು ನಿರ್ಮಾಪಕರ ಕೈಯಿಂದ ಕಲಾವಿದನ ಕೈಗೆ ಬರಬೇಕು. ಪಾತ್ರಕ್ಕೆ ತಕ್ಕ ನಟರನ್ನು ಹುಡುಕುವ ಕಾಸ್ಟಿಂಗ್ ಡೈರೆಕ್ಟರ್‌ಗೆ ಸಂಬಳ ಕೊಡುವವರೂ ನಿರ್ಮಾಣ ಸಂಸ್ಥೆಯವರೇ. ಆಡಿಷನ್‌ಗೆ ಶುಲ್ಕವಿಲ್ಲ. ಆಯ್ಕೆಯಾದ ಮೇಲೆ ವರ್ಕ್‌ಶಾಪ್ ನಡೆಸುವುದು ನಿಜ, ಆದರೆ ಅದರ ಖರ್ಚು ಚಿತ್ರತಂಡದ್ದು. ನಟರಿಗೂ ಚಿತ್ರತಂಡಕ್ಕೂ ನಡುವೆ ಓಡಾಡುವ ಕೋಆರ್ಡಿನೇಟರ್‌ಗಳು ಕಮಿಷನ್ ತೆಗೆದುಕೊಳ್ಳುವುದುಂಟು, ಅದೂ ಸಂಭಾವನೆ ನಟನ ಕೈ ಸೇರಿದ ಮೇಲೆ, ಅದರಲ್ಲಿ ಇಷ್ಟು ಅಂತ. ಕೆಲಸಕ್ಕೆ ಮೊದಲೇ ಹಣ ಕೇಳಿದರು ಎಂದರೆ ಅವರ ವ್ಯಾಪಾರ ಸಿನಿಮಾ ಮಾಡುವುದಲ್ಲ, ನಿಮ್ಮಂಥವರಿಂದ ಹಣ ಎತ್ತುವುದು.

ಈ ಆಟ ಹೇಗೆ ನಡೆಯುತ್ತದೆ ಎಂದು ತಿಳಿದಿರಲಿ. ಮೊದಲು ಕೇಳುವ ಮೊತ್ತವನ್ನು ಒಂದು ಸಾಧಾರಣ ಮನೆಯವರು ಸಾಲ ಮಾಡಿ ಹೊಂದಿಸಬಹುದಾದಷ್ಟಕ್ಕೇ ಇಟ್ಟಿರುತ್ತಾರೆ. ಗಡುವು ಇಡುವುದು ನೀವು ನಾಲ್ಕು ಜನರನ್ನು ವಿಚಾರಿಸದಿರಲಿ ಎಂದು. ಹಣ ಬಂದ ಮೇಲೆ ಯಾವುದೋ ರೆಸಾರ್ಟಿನಲ್ಲಿ ಬಾಡಿಗೆ ಕ್ಯಾಮೆರಾ ಇಟ್ಟು ಒಂದು ದಿನ ‘ಟೆಸ್ಟ್ ಶೂಟ್’ ಮಾಡುತ್ತಾರೆ. ಆ ಫೋಟೊಗಳನ್ನು ಹುಡುಗ ಸ್ಟೇಟಸ್‌ಗೆ ಹಾಕಿಕೊಳ್ಳುತ್ತಾನೆ, ಊರಿಗೆಲ್ಲ ಗೊತ್ತಾಗುತ್ತದೆ. ಆಮೇಲೆ ಕಾಸ್ಟ್ಯೂಮ್‌ಗೆ ಇಷ್ಟು, ಡಬ್ಬಿಂಗ್‌ಗೆ ಇಷ್ಟು ಎಂದು ಎರಡನೇ ಕಂತು. ಅಷ್ಟು ಹೊತ್ತಿಗೆ ಮಾನದ ಪ್ರಶ್ನೆಯಾಗಿರುವುದರಿಂದ ಮನೆಯವರು ಅದನ್ನೂ ಕೊಡುತ್ತಾರೆ. ಕೊನೆಗೆ ‘ಶೂಟಿಂಗ್ ಮುಂದಕ್ಕೆ ಹೋಗಿದೆ’ ಎಂಬ ಉತ್ತರ, ಆಮೇಲೆ ಸ್ವಿಚ್ ಆಫ್.

ಅನುಮಾನ ಪೂರ್ತಿ ತೀರಬೇಕಾದರೆ ಫೋನ್ ಮಾಡಿದವರನ್ನು ನಿರ್ಮಾಣ ಸಂಸ್ಥೆಯ ಹೆಸರು, ಚಿತ್ರದ ಶೀರ್ಷಿಕೆ, ನಿರ್ದೇಶಕರ ಹೆಸರು ಕೇಳಿ. ಬೆಂಗಳೂರಿನ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಶೀರ್ಷಿಕೆ ನೋಂದಣಿ ಆಗುತ್ತದೆ, ಅಲ್ಲಿ ವಿಚಾರಿಸಬಹುದು. ಶೀರ್ಷಿಕೆ ನೋಂದಣಿ ಆಗಿದ್ದರೂ ಹಣ ಕಟ್ಟಬೇಡಿ. ಶೀರ್ಷಿಕೆ ಇದೆ ಎಂದ ಮಾತ್ರಕ್ಕೆ ಸಿನಿಮಾ ನಡೆಯುತ್ತದೆ ಎಂದೇನೂ ಇಲ್ಲ. ಮಗ ನಿಮಗೆ ಹೇಳದೆ ಅಡ್ವಾನ್ಸ್ ಅಂತ ಏನಾದರೂ ಹಾಕಿದ್ದಾನಾ, ಗದರದೆ ಕೇಳಿ. ಹಾಕಿದ್ದರೆ ಇವತ್ತೇ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ತಡವಾದಷ್ಟೂ ಹಣ ಬೇರೆ ಬೇರೆ ಖಾತೆಗೆ ಹೋಗಿ ಸಿಗುವುದು ಕಷ್ಟವಾಗುತ್ತದೆ. ಚಾಟ್, ಯುಪಿಐ ವಿವರ ಯಾವುದನ್ನೂ ಅಳಿಸಬೇಡಿ.

ಇನ್ನು ನಿಮ್ಮ ಮಗನ ವಾದಕ್ಕೆ ಬರೋಣ. ಅವನು ಕೊಡುವ ಮೂರು ಉದಾಹರಣೆಗಳೂ ಸುಳ್ಳಲ್ಲ. ಆದರೆ ಮೂರರಲ್ಲೂ ನಡುವಿನ ಭಾಗ ಅವನಿಗೆ ಗೊತ್ತಿಲ್ಲ. ಆ ಭಾಗ ಗೊತ್ತಾದರೆ ಅವನ ವಾದ ಅವನಿಗೇ ತಿರುಗುತ್ತದೆ.

ರಾಜ್‌ಕುಮಾರ್ ಅವರನ್ನೇ ತೆಗೆದುಕೊಳ್ಳಿ. ಹುಟ್ಟಿದ್ದು 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ, ಹೆಸರು ಮುತ್ತುರಾಜ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಹೆಸರಾದ ನಟರು. ಹುಡುಗ ಶಾಲೆ ಬಿಟ್ಟಾಗ ಎಂಟು ವರ್ಷದ ಆಸುಪಾಸು. ಶಾಲೆ ಬಿಟ್ಟು ಹೋಗಿದ್ದು ಎಲ್ಲಿಗೆ? ಕಂಪನಿಗೆ, ಅಪ್ಪನ ಜೊತೆಗೆ. ನಾಯಕನಾದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ ತೆರೆಗೆ ಬಂದಿದ್ದು 1954ರಲ್ಲಿ, ಆಗ ಅವರಿಗೆ ಇಪ್ಪತ್ತೈದು. ಈ ನಡುವಿನ ಹದಿನಾರು ಹದಿನೇಳು ವರ್ಷಗಳನ್ನು ಜನ ಮರೆತುಬಿಡುತ್ತಾರೆ. ನಟನ ವಿದ್ಯಾಭ್ಯಾಸ ಎಂದು ಕರೆಯುವುದಾದರೆ ಅದನ್ನೇ ಕರೆಯಬೇಕು.

ಕಂಪನಿ ನಾಟಕದಲ್ಲಿ ಕಲಿಕೆ ಹೇಗಿತ್ತು ನೋಡಿ. ಒಂದು ಊರಿನಲ್ಲಿ ಕ್ಯಾಂಪ್ ಹಾಕಿದರೆ ತಿಂಗಳುಗಟ್ಟಲೆ ಅಲ್ಲೇ, ರಾತ್ರಿಯಾದರೆ ಆಟ. ಚಿಕ್ಕ ಹುಡುಗರಿಗೆ ಬಾಲಪಾತ್ರ, ಸೇವಕ, ದೂತ, ಗುಂಪಿನಲ್ಲಿ ಒಬ್ಬ. ಉಳಿದ ಹೊತ್ತು ಸೈಡ್‌ವಿಂಗ್‌ನಲ್ಲಿ ನಿಂತು ದೊಡ್ಡವರ ಪಾತ್ರ ನೋಡುವುದು. ನೋಡಿ ನೋಡಿಯೇ ಎಲ್ಲರ ಮಾತೂ ಬಾಯಿಗೆ ಬಂದಿರುತ್ತಿತ್ತು. ಒಬ್ಬರಿಗೆ ಜ್ವರ ಬಂದರೆ ಅವರ ಪಾತ್ರಕ್ಕೆ ಇನ್ನೊಬ್ಬ ಅವತ್ತೇ ಬಣ್ಣ ಹಚ್ಚಬೇಕು. ಮೈಕ್ ನೆಚ್ಚಿಕೊಳ್ಳುವಂತಿರಲಿಲ್ಲ, ಕೊನೆಯ ಬೆಂಚಿಗೂ ಮಾತು ಕೇಳಬೇಕು. ಹಾಡನ್ನು ನಟನೇ ಹಾಡಬೇಕು, ಹಾಡುತ್ತಲೇ ಅಭಿನಯಿಸಬೇಕು. ಪುರಾಣದ ಉದ್ದುದ್ದ ಮಾತುಗಳನ್ನು ಉಸಿರು ಕೆಡದಂತೆ ಹೇಳಬೇಕು. ಮುಂದೆ ರಾಜ್‌ಕುಮಾರ್ ಅವರು ತೆರೆಗೆ ತಂದ ಸ್ಪಷ್ಟ ಉಚ್ಚಾರ, ಪೌರಾಣಿಕ ಪಾತ್ರದ ನಿಲುವು, ‘ಜೀವನ ಚೈತ್ರ’ದ ಹಾಡಿಗೆ ಬಂದ ರಾಷ್ಟ್ರಪ್ರಶಸ್ತಿ, ಇವುಗಳ ಬೇರು ಅಲ್ಲಿದೆ. ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರು ಕಣ್ಣಪ್ಪನ ಪಾತ್ರಕ್ಕೆ ಆರಿಸಿಕೊಂಡಿದ್ದು ರಂಗದ ಮೇಲೆ ಪಳಗಿದ ನಟನನ್ನು. ಅದಕ್ಕೂ ಮೊದಲು ತೆರೆಯ ಮೇಲೆ ಸಿಕ್ಕಿದ್ದು ಚಿಲ್ಲರೆ ಪಾತ್ರಗಳು.

ಇನ್ನೊಂದು ಸಂಗತಿಯನ್ನು ನಿಮ್ಮ ಮಗನಿಗೆ ಹೇಳಲೇಬೇಕು. ಆ ಚಿತ್ರ ಗೆದ್ದ ಮೇಲೂ ಕೈತುಂಬ ಕೆಲಸ ಇರಲಿಲ್ಲ, ಆಗ ಕನ್ನಡದಲ್ಲಿ ತಯಾರಾಗುತ್ತಿದ್ದ ಚಿತ್ರಗಳೇ ಬೆರಳೆಣಿಕೆ. ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಒಟ್ಟುಗೂಡಿ ಮತ್ತೆ ನಾಟಕ ಆಡುತ್ತಾ ಊರೂರು ತಿರುಗಿದರು. ಅದೇ ಕಲಾವಿದರ ಒಗ್ಗಟ್ಟಿನಿಂದ 1960ರಲ್ಲಿ ‘ರಣಧೀರ ಕಂಠೀರವ’ ಬಂತು. ಸಿನಿಮಾ ಕೈಕೊಟ್ಟ ದಿನ ಅವರಿಗೆ ಹಿಂತಿರುಗಿ ಹೋಗಿ ಅನ್ನ ಹುಟ್ಟಿಸಿಕೊಳ್ಳಲು ಒಂದು ಕಸುಬು ಇತ್ತು.

ರಜನಿಕಾಂತ್ ಅವರದು ಬೇರೆ ದಾರಿ. ಬೆಂಗಳೂರಿನ ಶಿವಾಜಿರಾವ್ ಗಾಯಕವಾಡ್ ಬಿಟಿಎಸ್ (ಆಗಿನ ನಗರ ಸಾರಿಗೆ) ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಕೆಲಸ ಮಾಡುತ್ತಲೇ ಪೌರಾಣಿಕ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದರು. ಆಮೇಲೆ ಮದ್ರಾಸಿಗೆ ಹೋಗಿ ಸೇರಿದ್ದು ಫಿಲ್ಮ್ ಇನ್‌ಸ್ಟಿಟ್ಯೂಟನ್ನು. ಆಗ ಬೆನ್ನಿಗೆ ನಿಂತು ಹಣ ಕಳಿಸಿದವರು ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಡ್ರೈವರ್ ಗೆಳೆಯ ರಾಜ್ ಬಹದ್ದೂರ್. ನಿರ್ದೇಶಕ ಕೆ. ಬಾಲಚಂದರ್ ಅವರ ಕಣ್ಣಿಗೆ ಬಿದ್ದು 1975ರಲ್ಲಿ ‘ಅಪೂರ್ವ ರಾಗಂಗಳ್’ನಲ್ಲಿ ಸಿಕ್ಕಿದ್ದು ಸಣ್ಣ ಪಾತ್ರ. ಅಂದರೆ ಸಂಬಳದ ಕೆಲಸ, ಜೊತೆಗೆ ಹವ್ಯಾಸಿ ನಾಟಕ, ಆಮೇಲೆ ಶಿಸ್ತಿನ ತರಬೇತಿ, ಆಮೇಲೆ ತೆರೆ. ಯಶ್ ಅವರ ಮುನ್ನೂರು ರೂಪಾಯಿಯ ಕತೆಯನ್ನು ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಅದರ ಜೊತೆಗೇ ಹೇಳಿದ ಇನ್ನೊಂದು ಮಾತು ರೀಲ್ಸ್‌ನಲ್ಲಿ ಬರುವುದಿಲ್ಲ: ಬೆಂಗಳೂರಿಗೆ ಬಂದವರು ಬಿ.ವಿ. ಕಾರಂತರು ಕಟ್ಟಿದ ‘ಬೆನಕ’ ತಂಡ ಸೇರಿ ರಂಗದ ಹಿಂದಿನ ಕೆಲಸದಿಂದ ಶುರು ಮಾಡಿದರು. ಆಮೇಲೆ ಧಾರಾವಾಹಿ, 2008ರಲ್ಲಿ ‘ಮೊಗ್ಗಿನ ಮನಸು’. ದೇಶಕ್ಕೆಲ್ಲ ಹೆಸರು ಗೊತ್ತಾದ ‘ಕೆ.ಜಿ.ಎಫ್’ ಬಂದಿದ್ದು ಅಲ್ಲಿಂದ ಹತ್ತು ವರ್ಷಕ್ಕೆ, 2018ರಲ್ಲಿ.

ಓದು ಮುಗಿಸಿ ಬಂದವರೂ ಇದ್ದಾರೆ. ಸಂಚಾರಿ ವಿಜಯ್ ಎಂಜಿನಿಯರಿಂಗ್ ಓದಿದವರು, ‘ಸಂಚಾರಿ’ ರಂಗತಂಡದಲ್ಲಿ ಪಳಗಿ ‘ನಾನು ಅವನಲ್ಲ, ಅವಳು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಅವರ ಹೆಸರಿಗೆ ಅಂಟಿದ್ದೇ ಆ ತಂಡದ ಹೆಸರು.

ಹಾಗಾಗಿ ಮಗನ ಜೊತೆ ‘ಡಿಗ್ರಿಯೋ ಸಿನಿಮಾವೋ’ ಎಂದು ಜಗಳ ಆಡಬೇಡಿ. ‘ನಿನ್ನ ಕಂಪನಿ ಯಾವುದು? ಮುಂದಿನ ಮೂರು ವರ್ಷ ಎಲ್ಲಿ ಬಣ್ಣ ಹಚ್ಚುತ್ತೀಯ?’ ಎಂದು ಕೇಳಿ. ಅದಕ್ಕೆ ಉತ್ತರ ಇಲ್ಲದೆ ಬೆಂಗಳೂರಿಗೆ ಹೋದರೆ ಏನಾಗುತ್ತದೆ ಎನ್ನುವುದನ್ನು ಬಹಳ ಹುಡುಗರಲ್ಲಿ ನೋಡಬಹುದು. ಊಟ ವಸತಿಗೆ ತಿಂಗಳಿಗೆ ಹತ್ತು ಹನ್ನೆರಡು ಸಾವಿರವಾದರೂ ಬೇಕು. ಅದಕ್ಕಾಗಿ ಡೆಲಿವರಿ ಕೆಲಸಕ್ಕೆ ಸೇರುತ್ತಾರೆ, ರಾತ್ರಿ ಹನ್ನೊಂದಕ್ಕೆ ರೂಮಿಗೆ ಬರುತ್ತಾರೆ, ಅಭ್ಯಾಸ ನಿಂತುಹೋಗುತ್ತದೆ. ಅಥವಾ ದಿನಗೂಲಿಗೆ ಜೂನಿಯರ್ ಆರ್ಟಿಸ್ಟ್ ಆಗಿ ಗುಂಪಿನಲ್ಲಿ ನಿಲ್ಲುತ್ತಾರೆ. ಅದು ಗೌರವದ ದುಡಿಮೆಯೇ, ಆದರೆ ಅಲ್ಲಿಂದ ಪಾತ್ರಕ್ಕೆ ಮೆಟ್ಟಿಲಿಲ್ಲ. ಗುಂಪಿನ ಜನರನ್ನು ಸರಬರಾಜು ಮಾಡುವ ಏಜೆಂಟರೇ ಬೇರೆ, ಪಾತ್ರಕ್ಕೆ ನಟರನ್ನು ಹುಡುಕುವವರೇ ಬೇರೆ.

ಕ್ಯಾಮೆರಾ ಮುಂದೆ ತರಬೇತಿ ಇಲ್ಲದವನು ಎಲ್ಲಿ ಬೀಳುತ್ತಾನೆ ಎಂದು ಒಂದು ದೃಶ್ಯ ಹಿಡಿದು ಹೇಳುತ್ತೇನೆ. ಮಗ ಅಪ್ಪನಿಗೆ ‘ನಾನು ಮನೆ ಬಿಡ್ತೀನಿ’ ಅನ್ನಬೇಕು, ಕೈಯಲ್ಲಿ ಕಾಫಿ ಲೋಟ. ಮೊದಲು ಇಡೀ ಕೋಣೆ ಕಾಣುವ ವೈಡ್ ಶಾಟ್, ಆಮೇಲೆ ಸೊಂಟದವರೆಗಿನ ಮಿಡ್, ಆಮೇಲೆ ಮುಖ ಮಾತ್ರ ಕಾಣುವ ಕ್ಲೋಸಪ್. ಮಾತು ಅದೇ, ತೆಗೆಯುವುದು ಹಲವು ಸಲ, ನಡುವೆ ಲೈಟ್ ಬದಲಾಯಿಸಲು ಅರ್ಧ ಗಂಟೆ. ವೈಡ್‌ನಲ್ಲಿ ‘ಮನೆ’ ಅನ್ನುವಾಗ ಲೋಟ ಕೆಳಗಿಟ್ಟಿದ್ದರೆ ಕ್ಲೋಸಪ್‌ನಲ್ಲೂ ‘ಮನೆ’ ಅನ್ನುವಾಗಲೇ ಇಡಬೇಕು, ಅದೇ ಕೈಯಲ್ಲಿ. ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಎರಡು ಶಾಟ್ ಕೂಡುವುದಿಲ್ಲ. ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿರುತ್ತಾರೆ, ಕಣ್ಣು ಕೆಳಗಿಳಿಸದೆ ಅಲ್ಲಿಗೇ ಬಂದು ನಿಲ್ಲಬೇಕು. ಅರ್ಧ ಅಡಿ ಮುಂದೆ ಬಂದರೂ ಫೋಕಸ್ ಹೋಗುತ್ತದೆ. ಕ್ಲೋಸಪ್ ಹೊತ್ತಿಗೆ ಎದುರಿನ ನಟ ಹೊರಟುಹೋಗಿದ್ದು, ಕ್ಯಾಮೆರಾ ಪಕ್ಕದ ಸ್ಟ್ಯಾಂಡನ್ನೇ ಅಪ್ಪ ಅಂದುಕೊಂಡು ಅಳಬೇಕಾಗಿಯೂ ಬರಬಹುದು. ಒಂದು ಸಲ ಚೆನ್ನಾಗಿ ಅಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಎಂಟನೇ ಟೇಕ್‌ನಲ್ಲಿ, ಸಂಜೆ ಆರಕ್ಕೆ, ಅಷ್ಟೇ ನಿಜವಾಗಿ ಅಳಬಲ್ಲವನಿಗೆ ಕೆಲಸ ಸಿಗುತ್ತದೆ. ಆ ಶಕ್ತಿ ರಿಹರ್ಸಲ್‌ನಲ್ಲಿ ಬರುವಂಥದ್ದು. ಒಂದೇ ನಾಟಕವನ್ನು ತಿಂಗಳುಗಟ್ಟಲೆ ತಾಲೀಮು ಮಾಡಿ ಹತ್ತಾರು ಪ್ರದರ್ಶನ ಕೊಟ್ಟವನಿಗೆ ಪುನರಾವರ್ತನೆಯೆಂದರೆ ಹೆದರಿಕೆಯಿಲ್ಲ. ರಂಗಭೂಮಿಯವರಿಗೂ ಒಂದು ತೊಡಕಿದೆ: ಕೊನೆಯ ಸಾಲಿಗೆ ತಲುಪಿಸುವ ದನಿ, ಕೈ ಬೀಸು ಕ್ಲೋಸಪ್‌ನಲ್ಲಿ ಅತಿಯಾಗಿ ಕಾಣುತ್ತದೆ. ಅದನ್ನು ಇಳಿಸುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ನೋಡುತ್ತಾ ಕೆಲವು ತಿಂಗಳಲ್ಲಿ ಕಲಿಯಬಹುದು. ಇಲ್ಲದ್ದನ್ನು ಹುಟ್ಟಿಸುವುದಕ್ಕಿಂತ ಇರುವುದನ್ನು ತಗ್ಗಿಸುವುದು ಎಷ್ಟೋ ಸುಲಭ.

ಈಗ ದಾರಿಗಳು. ನಾನು ಮೊದಲು ಹೇಳುವುದು, ಉಳಿದ ಒಂದೂವರೆ ವರ್ಷದಲ್ಲಿ ಬಿ.ಕಾಂ. ಮುಗಿಸಲಿ. ‘ಕೈಯಲ್ಲೊಂದು ಡಿಗ್ರಿ ಇರಲಿ’ ಎಂಬ ಹಿರಿಯರ ಮಾತಿಗಾಗಿ ಅಲ್ಲ, ನಟನೆಯ ದೊಡ್ಡ ಶಾಲೆಗಳ ಬಾಗಿಲು ತೆಗೆಯುವುದೇ ಅದರಿಂದ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷದ ಕೋರ್ಸಿಗೆ ಪದವಿ ಬೇಕು, ಜೊತೆಗೆ ಕನಿಷ್ಠ ಆರು ನಾಟಕಗಳಲ್ಲಿ ಭಾಗವಹಿಸಿದ ದಾಖಲೆ ಬೇಕು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಎರಡು ವರ್ಷದ ಅಭಿನಯ ಕೋರ್ಸಿಗೂ ಪದವಿ ಬೇಕು. ಇವತ್ತು ಕಾಲೇಜು ಬಿಟ್ಟರೆ ಎರಡೂ ಬಾಗಿಲು ಮುಚ್ಚಿದಂತೆ. ಓದುತ್ತಲೇ ಆ ಆರು ನಾಟಕಗಳನ್ನು ಮಾಡಿಕೊಳ್ಳಲಿ: ಕಾಲೇಜು ರಂಗ, ಯುವಜನೋತ್ಸವ, ಊರಿನ ಪೌರಾಣಿಕ ನಾಟಕ, ಚಿತ್ರದುರ್ಗದ ಹವ್ಯಾಸಿ ತಂಡಗಳು. ನಿಮ್ಮ ಜಿಲ್ಲೆಯಲ್ಲೇ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಇದೆ. ಅಲ್ಲಿನ ‘ಶಿವಸಂಚಾರ’ ರಂಗತಂಡದ ನಾಟಕಗಳು ನಾಡೆಲ್ಲ ತಿರುಗುತ್ತವೆ, ಅಲ್ಲೇ ರಂಗ ಶಿಕ್ಷಣವೂ ನಡೆಯುತ್ತದೆ. ಅಲ್ಲಿನ ನಾಟಕೋತ್ಸವಕ್ಕೆ ಒಮ್ಮೆ ನೀವೇ ಜೊತೆಗೆ ಹೋಗಿ ಬನ್ನಿ. ಪ್ರತಿ ನಾಟಕದ ಕರಪತ್ರ, ಫೋಟೊ, ನಿರ್ದೇಶಕರ ಪತ್ರ ಎಲ್ಲವನ್ನೂ ಒಂದು ಫೈಲಿನಲ್ಲಿ ಇಡಲಿ.

ಪದವಿ ಆದ ಮೇಲೆ ಕನ್ನಡದಲ್ಲೇ ಕಲಿಯುವುದಾದರೆ ಸಾಗರ ತಾಲ್ಲೂಕು ಹೆಗ್ಗೋಡಿನ ನೀನಾಸಂ. ಕೆ.ವಿ. ಸುಬ್ಬಣ್ಣನವರು ಕಟ್ಟಿದ ಸಂಸ್ಥೆ, 1980ರಿಂದ ರಂಗಶಿಕ್ಷಣ ಕೊಡುತ್ತಿದೆ. ಅಲ್ಲೇ ಇದ್ದು ಕಲಿಯಬೇಕು. ಬೆಳಿಗ್ಗೆಯಿಂದ ರಾತ್ರಿವರೆಗೆ ವ್ಯಾಯಾಮ, ದನಿ, ಸಾಹಿತ್ಯ, ಬೆಳಕು, ರಂಗಸಜ್ಜಿಕೆ, ತಾಲೀಮು. ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಅಲ್ಲಿಂದ ಬಂದವರು. ಆಮೇಲೆ ಅವರ ಸಂಚಾರಿ ತಂಡ ‘ತಿರುಗಾಟ’ಕ್ಕೆ ಆಯ್ಕೆಯಾದರೆ ಊರೂರಲ್ಲಿ ಪ್ರದರ್ಶನ, ಈ ಕಾಲದಲ್ಲಿ ಕಂಪನಿಗೆ ಸಮೀಪದ ಅನುಭವ ಎಂದರೆ ಅದೇ. ಮೈಸೂರಿನ ರಂಗಾಯಣ, ಬೆಂಗಳೂರಿನ ಕಲಾಗ್ರಾಮದಲ್ಲಿರುವ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರವೂ ಒಂದು ವರ್ಷದ ತರಬೇತಿ ಕೊಡುತ್ತವೆ. ಎಲ್ಲ ಕಡೆಯೂ ಸೀಟು ಕಡಿಮೆ, ಸಂದರ್ಶನ ಇರುತ್ತದೆ, ಮೊದಲ ವರ್ಷವೇ ಸಿಗದಿರಬಹುದು. ಇಲ್ಲಿ ಕಲಿತವರೆಲ್ಲ ತೆರೆಗೆ ಬಂದಿಲ್ಲ ಎನ್ನುವುದನ್ನೂ ತಿಳಿದುಕೊಂಡೇ ಹೋಗಬೇಕು. ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಾ, ನಿರ್ದೇಶನ ಮಾಡುತ್ತಾ ಜೀವನ ಕಟ್ಟಿಕೊಂಡವರು ಬಹಳ.

ಬೆಂಗಳೂರಿನಲ್ಲಿ ಕೆಲಸ ಹಿಡಿದು ಸಂಜೆ, ವಾರಾಂತ್ಯ ತಂಡದಲ್ಲಿ ಇರುವುದು ಇನ್ನೊಂದು ದಾರಿ. ಬಿ.ಕಾಂ. ಓದಿದವನಿಗೆ ಲೆಕ್ಕಪತ್ರದ ಕೆಲಸ ಸಿಗುತ್ತದೆ. ಹೊಟ್ಟೆಗೆ ಗ್ಯಾರಂಟಿ ಇರುವುದರಿಂದ ಕಳಪೆ ಅವಕಾಶಕ್ಕೆ ‘ಇಲ್ಲ’ ಅನ್ನುವ ಧೈರ್ಯ ಇರುತ್ತದೆ. ಆದರೆ ಹಗಲಿನ ಆಡಿಷನ್‌ಗೆ ರಜೆ ಸಿಗುವುದಿಲ್ಲ, ದಣಿವು ಜಾಸ್ತಿ. ಖಾಸಗಿ ಆಕ್ಟಿಂಗ್ ಸ್ಕೂಲಿಗೆ ಲಕ್ಷ ಕಟ್ಟುವ ಮುಂಚೆ ಅಲ್ಲಿ ಪಾಠ ಮಾಡುವವರು ಯಾರು, ಕೊನೆಯಲ್ಲಿ ಪೂರ್ಣ ನಾಟಕ ಆಡಿಸುತ್ತಾರಾ, ಹಿಂದಿನ ಬ್ಯಾಚಿನವರನ್ನು ಮಾತಾಡಿಸಬಹುದಾ ಎಂದು ಕೇಳಿ. ‘ಅವಕಾಶ ಗ್ಯಾರಂಟಿ’ ಎಂದು ಬೋರ್ಡಿನಲ್ಲಿದ್ದರೆ ಒಳಗೇ ಹೋಗಬೇಡಿ.

ಧಾರಾವಾಹಿ ದುಡ್ಡು ಕೊಡುತ್ತದೆ, ಕ್ಯಾಮೆರಾ ಭಯ ಬಿಡಿಸುತ್ತದೆ. ಅಪಾಯ ಬೇರೆ ಕಡೆ ಇದೆ. ದಿನಕ್ಕೆ ಹನ್ನೆರಡು ಗಂಟೆ ಶೂಟಿಂಗ್, ಮಾತು ಕೈಗೆ ಬರುವುದು ಆಗಿಂದಾಗಲೇ, ಸಹಾಯಕ ನಿರ್ದೇಶಕ ಪಕ್ಕದಲ್ಲಿ ನಿಂತು ಪ್ರಾಂಪ್ಟ್ ಮಾಡಿದ್ದನ್ನು ಹಾಗೇ ಹೇಳಿಬಿಡುವುದು. ಎರಡು ವರ್ಷ ಹೀಗೇ ಮಾಡಿದವನಿಗೆ ಮಾತು ನೆನಪಿಟ್ಟುಕೊಳ್ಳುವ ಅಭ್ಯಾಸವೇ ತಪ್ಪುತ್ತದೆ. ತಳಪಾಯ ಗಟ್ಟಿಯಾದ ಮೇಲೆ ಹೋಗಲಿ. ಒಪ್ಪಂದಕ್ಕೆ ಸಹಿ ಹಾಕುವಾಗ ದಿನದ ಸಂಭಾವನೆ, ತಿಂಗಳಿಗೆ ಎಷ್ಟು ದಿನ, ಹಣ ಎಷ್ಟು ದಿನದಲ್ಲಿ ಬರುತ್ತದೆ, ಬೇರೆ ಕಡೆ ನಟಿಸಬಹುದಾ, ಇಷ್ಟನ್ನು ಬರಹದಲ್ಲಿ ನೋಡಿಕೊಳ್ಳಬೇಕು. ಬಾಯಿಮಾತಿನ ಸಂಭಾವನೆ ಕೈಗೆ ಬರಲು ತಿಂಗಳುಗಳೇ ಹಿಡಿಯುವುದುಂಟು.

ಹುಡುಗ ಕಪ್ಪು ಅಂದಿರಿ. ಚಿಂತೆ ಬಿಡಿ. ನಾಯಕನ ಪಾತ್ರಕ್ಕೆ ಬಿಳಿ ಬಣ್ಣವೇ ಬೇಕೆಂಬ ಚಟ ಜಾಹೀರಾತಿನಲ್ಲಿ ಇನ್ನೂ ಇದೆ, ಸಿನಿಮಾದಲ್ಲಿ ಅದರ ಹಿಡಿತ ಸಡಿಲವಾಗಿದೆ. ಅವನು ಕೊಟ್ಟ ಮೂರು ಉದಾಹರಣೆಗಳಲ್ಲೇ ಒಬ್ಬರ ಬಣ್ಣ ಏನು ಎಂದು ಅವನನ್ನೇ ಕೇಳಿ. ಫೇರ್‌ನೆಸ್ ಕ್ರೀಮು, ಇಂಜೆಕ್ಷನ್ನು ಎಂದು ಯಾರಾದರೂ ತಲೆ ಕೆಡಿಸಿದರೆ ದೂರ ಇರಲಿ. ನಿಮ್ಮ ಕಡೆಯ ಮಾತಂತೂ ಆಸ್ತಿ. ಈಗಿನ ಚಿತ್ರಗಳಿಗೆ ಬಯಲುಸೀಮೆ, ಮಂಡ್ಯ, ಕುಂದಾಪುರ, ಧಾರವಾಡದ ಮಾತನ್ನು ಸಹಜವಾಗಿ ಆಡುವವರು ಬೇಕು. ಅದನ್ನು ಉಳಿಸಿಕೊಂಡೇ ಅಕಾರ-ಹಕಾರ, ಅಲ್ಪಪ್ರಾಣ-ಮಹಾಪ್ರಾಣ, ಸ-ಶ-ಷ ತಿದ್ದಿಕೊಳ್ಳಲಿ. ದಿನಾ ಅರ್ಧ ಗಂಟೆ ಪತ್ರಿಕೆಯ ಸಂಪಾದಕೀಯ ಅಥವಾ ಹಳೆಯ ಕಾವ್ಯವನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ ಕೇಳಿದರೆ ಆರು ತಿಂಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಪೋರ್ಟ್‌ಫೋಲಿಯೊಗೆ, ಅಂದರೆ ಅವಕಾಶ ಕೇಳಲು ಕಳಿಸುವ ಫೋಟೊ-ವಿಡಿಯೊಗಳಿಗೆ, 85 ಸಾವಿರದ ಮಾತೇ ಬೇಡ. ಬೆಳಗಿನ ಬೆಳಕಿನಲ್ಲಿ, ಗೋಡೆಯ ಮುಂದೆ, ಫಿಲ್ಟರ್ ಇಲ್ಲದ ನಾಲ್ಕು ಫೋಟೊ ಸಾಕು: ಮುಖ, ಸೊಂಟದವರೆಗೆ, ಪೂರ್ತಿ ನಿಲುವು, ಒಂದು ಪಕ್ಕದಿಂದ. ಕೂಲಿಂಗ್ ಗ್ಲಾಸ್ ಬೇಡ, ಬೈಕ್ ಬೇಡ. ಒಂದು ನಿಮಿಷದ ಪರಿಚಯ ವಿಡಿಯೊದಲ್ಲಿ ಹೆಸರು, ವಯಸ್ಸು, ಎತ್ತರ, ಊರು, ಬರುವ ಭಾಷೆಗಳು, ಎಡ-ಬಲ ಮುಖ. ಫೋನನ್ನು ಅಡ್ಡ ಹಿಡಿದು ಕಣ್ಣಿನ ಮಟ್ಟಕ್ಕೆ ಇಡಬೇಕು, ಕಿಟಕಿ ಮುಖದ ಎದುರಿಗೆ ಬರಲಿ. ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ ಕಪ್ಪಾಗಿ ಏನೂ ಕಾಣುವುದಿಲ್ಲ. ಅಭಿನಯದ ವಿಡಿಯೊದಲ್ಲಿ ಸ್ಟಾರ್‌ಗಳ ಡೈಲಾಗ್ ಬೇಡವೇ ಬೇಡ. ಮಿಮಿಕ್ರಿ ಚೆನ್ನಾಗಿ ಬರುವ ಹುಡುಗರು ಬೀಳುವ ಹಳ್ಳ ಇದು. ನೋಡುವವರಿಗೆ ಆ ಸ್ಟಾರ್ ಕಾಣುತ್ತಾರೆ, ಇವನು ಕಾಣುವುದಿಲ್ಲ. ಹಿನ್ನೆಲೆ ಸಂಗೀತ ಹಾಕದೆ, ಎದುರಿನ ಪಾತ್ರದ ಮಾತನ್ನು ಕ್ಯಾಮೆರಾ ಪಕ್ಕದಲ್ಲಿ ಕೂತ ಗೆಳೆಯನಿಂದ ಹೇಳಿಸಿ, ಅವನನ್ನು ನೋಡಿ ಮಾತಾಡಲಿ. ಒಂದೇ ಮಾತನ್ನು ಎರಡು ಬೇರೆ ಮನಸ್ಥಿತಿಯಲ್ಲಿ ಮಾಡಿ ಎರಡನ್ನೂ ಕಳಿಸಲಿ.

ಹೆಸರಿನ ವಿಷಯ ಬೇಗ ಮುಗಿಯುತ್ತದೆ. ಮುತ್ತುರಾಜ ಅವರನ್ನು ರಾಜ್‌ಕುಮಾರ್ ಮಾಡಿದ್ದು ಸಿಂಹ ಅವರು, ಶಿವಾಜಿರಾವ್ ಅವರನ್ನು ರಜನಿಕಾಂತ್ ಮಾಡಿದ್ದು ಬಾಲಚಂದರ್, ಅದೂ ಪಾತ್ರ ಸಿಕ್ಕಿದ ಮೇಲೆ. ಯಾವ ನಟನ ಹೆಸರೂ ಪಾತ್ರಕ್ಕೆ ಮೊದಲು ದುಡ್ಡು ಕೊಟ್ಟು ಬದಲಾಯಿಸಿಕೊಳ್ಳಬೇಕಾದ್ದಲ್ಲ. ಅಂಕಪಟ್ಟಿ, ಆಧಾರ್, ಬ್ಯಾಂಕ್ ಖಾತೆಯಲ್ಲಿ ಈಗಿರುವ ಹೆಸರು ಒಂದೇ ರೀತಿ ಇದೆಯಾ ಎಂದು ಮಾತ್ರ ನೋಡಿ. ಮುಂದೆ ಸಂಭಾವನೆಯ ಚೆಕ್ ಬರುವುದು ಅದೇ ಹೆಸರಿಗೆ.